ಕಾಲೊತ್ತುವ ಕಲೆಯ ಕಥೆ

ಸಂಜೆ ಮನೆಗೆ ಬಂದು, ಕಾಲು ತೊಳೆದು, ಒಂದು ಲೋಟ ಕಾಫಿ ಮುಗಿಸಿ, ರೇಡಿಯೋದ ಪಕ್ಕದ ಕುರ್ಚಿಯಲ್ಲಿ ಕುಳಿತು ಎರಡು ಕಾಲುಗಳನ್ನೂ ಮುಂದಕ್ಕೆ ಚಾಚಿದಾಗ ಆಗುವ ನೆಮ್ಮದಿಯನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಆ ಹೊತ್ತಿಗೆ ಸರಿಯಾಗಿ ಮನೆಯವರಲ್ಲಿ ಯಾರಾದರೊಬ್ಬರು ಬಂದು ಅಂಗಾಲನ್ನು ಹಿಡಿದು ನಾಲ್ಕು ಸಲ ಒತ್ತಿದರಂತೂ ಸ್ವರ್ಗಕ್ಕೆ ಮೂರೇ ಗೇಣು. ಒತ್ತಿಸಿಕೊಳ್ಳುವವರ ಈ ಸುಖ ಎಲ್ಲರಿಗೂ ತಿಳಿದದ್ದೇ. ಒತ್ತುವವನಿಗೂ ಒಂದು ಸುಖವುಂಟು ಎಂದರೆ ಮಾತ್ರ ನೀವು ಹುಬ್ಬೇರಿಸಬಹುದು.

ಉಂಟು ಎಂದು ನಾನು ಅನುಭವದಿಂದ ಹೇಳುತ್ತೇನೆ. ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ಕೆಲವರು ಗುಲಾಬಿ ಬೆಳೆಸುತ್ತಾರೆ. ನಾನು ಕಾಲು ಒತ್ತುತ್ತೇನೆ. ಈ ಹವ್ಯಾಸ ನನಗೆ ಅಂಟಿಕೊಂಡು ನಲವತ್ತು ವರ್ಷಗಳಾದುವು. ಇದಕ್ಕಾಗಿ ಯಾರಿಂದಲೂ ಒಂದು ಕಾಸು ಪಡೆದವನಲ್ಲ. ಯಾವ ಶಾಲೆಯ ಪ್ರಮಾಣಪತ್ರವೂ ನನ್ನಲ್ಲಿಲ್ಲ. ಹೊಸಬರ ಮುಂದೆ ಈ ಮಾತು ಎತ್ತಿದರೆ ಮೊದಲು ನಗುತ್ತಾರೆ. ಆಮೇಲೆ ಅತ್ತಿತ್ತ ನೋಡಿ ಮೆಲ್ಲನೆ ಚಪ್ಪಲಿ ಬಿಡುತ್ತಾರೆ. ಬಿಗಿದುಕೊಂಡಿದ್ದ ಒಂದು ಪಾದ ಕೈಯಲ್ಲಿ ಕ್ರಮೇಣ ಸಡಿಲವಾಗಿ, ಅದರ ಒಡೆಯ ಮಾತು ಮರೆತು, ಕಣ್ಣು ಮುಚ್ಚಿ, ಕೊನೆಗೆ ಸಣ್ಣಗೆ ಗೊರಕೆ ಹೊಡೆಯತೊಡಗಿದಾಗ ನನಗಾಗುವ ತೃಪ್ತಿಯನ್ನು ಇನ್ನಾವ ಹವ್ಯಾಸವೂ ಕೊಟ್ಟೀತೆಂದು ನನಗೆ ತೋರುವುದಿಲ್ಲ.

ಇದನ್ನು ನನಗೆ ಕಲಿಸಿದವರು ನಮ್ಮ ಅಜ್ಜಿ. ಕಲಿಸಿದರು ಎನ್ನುವುದಕ್ಕಿಂತ ದುಡಿಸಿಕೊಂಡರು ಎಂದರೆ ಸರಿಯಾದೀತು. ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿ, 'ಬಾರೋ, ಗೋಡೆ ಹಿಡಕೊಂಡು ಒಂದಿಷ್ಟು ತುಳಿ' ಎನ್ನುವರು. ನಾನು ಅವರ ಮೀನಖಂಡಗಳ ಮೇಲೆ ಹತ್ತಿ ನಿಂತು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹಿಮ್ಮಡಿಯವರೆಗೆ ಇಳಿದು ಬರಬೇಕು. ಸಂಬಳ ಒಂದು ಚೂರು ಬೆಲ್ಲ. ವಾತ್ಸ್ಯಾಯನನು ಹೇಳಿದ ಅರವತ್ತನಾಲ್ಕು ಕಲೆಗಳಲ್ಲಿ ಉತ್ಸಾದನ, ಸಂವಾಹನ ಎಂಬುವೂ ಸೇರಿವೆಯೆಂದೂ, ಕಾಲಿನಿಂದ ತುಳಿದು ಮರ್ದಿಸುವುದೇ ಉತ್ಸಾದನವೆಂದು ಆ ಗ್ರಂಥದ ವ್ಯಾಖ್ಯಾನಕಾರನು ಬಿಡಿಸಿ ಹೇಳಿದ್ದಾನೆಂದೂ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಅನಂತರ. ಬೆಲ್ಲದ ಆಸೆಗೆ ನಾನು ಒಂದು ಲಲಿತಕಲೆಯನ್ನೇ ಅಭ್ಯಾಸ ಮಾಡುತ್ತಿದ್ದೆನೆಂದು ಆಗ ತಿಳಿದಿದ್ದರೆ ಸಂಬಳ ಹೆಚ್ಚಿಸಲು ಕೇಳುತ್ತಿದ್ದೆನೋ ಏನೋ!

ಪಾದಕ್ಕೆ ಎಣ್ಣೆ ಹಚ್ಚಿ ತಿಕ್ಕುವ ಪದ್ಧತಿ ನಮ್ಮಲ್ಲಿ ಬಹು ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಪಾದಾಭ್ಯಂಗದ ಗುಣಗಳನ್ನು ಹೇಳಿದೆ. ಪಾದದ ಒರಟುತನ, ಸೆಡವು, ಒಣಕಲು, ಆಯಾಸ, ಜೋಮು ಇವು ಕೂಡಲೆ ಶಮನವಾಗುತ್ತವೆ, ಪಾದಕ್ಕೆ ಮೃದುತ್ವ, ಬಲ, ಸ್ಥೈರ್ಯ ಬರುತ್ತದೆ, ಕಣ್ಣು ತಿಳಿಯಾಗುತ್ತದೆ, ಹಿಮ್ಮಡಿ ಒಡೆಯುವುದಿಲ್ಲ, ಗೃಧ್ರಸಿ ಎಂಬ, ಸೊಂಟದಿಂದ ಕಾಲಿಗೆ ಇಳಿಯುವ ನೋವು ಬರುವುದಿಲ್ಲ ಎಂದು ಅದರ ತಾತ್ಪರ್ಯ. ಈ ಪಟ್ಟಿಯಲ್ಲಿ ಬಂದ ಜೋಮು ಎಂಬ ಮಾತನ್ನು ದಯಮಾಡಿ ನೆನಪಿನಲ್ಲಿಡಿ. ಮುಂದೆ ಅದರ ಕೆಲಸವಿದೆ.

ಈ ಮಾತುಗಳಲ್ಲಿ ಕೆಲವನ್ನು ಇಂದಿನ ಶರೀರಶಾಸ್ತ್ರವೂ ಒಪ್ಪುತ್ತದೆ. ಮೈಯ ಬೇರೆ ಭಾಗದ ಚರ್ಮಕ್ಕೆ ತನ್ನದೇ ಜಿಡ್ಡನ್ನು ಒದಗಿಸುವ ಸಣ್ಣ ಗ್ರಂಥಿಗಳುಂಟು. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ದಂಡಿಯಾಗಿದ್ದರೂ ಈ ಜಿಡ್ಡಿನ ಗ್ರಂಥಿಗಳಿಲ್ಲ. ಆದುದರಿಂದಲೇ ಬರಿಗಾಲಿನಲ್ಲಿ ನಡೆಯುವ ನಾಡಿನಲ್ಲಿ ಹಿಮ್ಮಡಿ ಬಿರಿಯುವುದು. ಹೊರಗಿನಿಂದ ಹಚ್ಚಿದ ಎಣ್ಣೆ ಅಲ್ಲಿ ನಿಜವಾಗಿ ಉಪಕಾರ ಮಾಡುತ್ತದೆ. ಅದೇ ಅಧ್ಯಾಯದಲ್ಲಿ ಮಡಕೆ, ತೊಗಲು, ಗಾಡಿಯ ಅಚ್ಚು ಈ ಮೂರು ಎಣ್ಣೆ ಕುಡಿದು ಗಟ್ಟಿಯಾಗುವ ಹೋಲಿಕೆ ಬರುತ್ತದೆ. ಬಂಡಿ ಹೂಡಿ ಬಲ್ಲವರು ಆಡಿದ ಮಾತು ಅದು. ಕಣ್ಣಿನ ಸಂಗತಿ ಮಾತ್ರ ಬೇರೆ. ಅಂಗಾಲಿಗೆ ಹರಳೆಣ್ಣೆ ಹಚ್ಚಿದರೆ ಕಣ್ಣಿಗೆ ತಂಪು ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದರು, ನಿಮ್ಮ ಅಜ್ಜಿಯೂ ಹೇಳಿರಬೇಕು. ಪಾದದಲ್ಲಿ ಒತ್ತಿದ್ದು ದೂರದ ಇನ್ನೊಂದು ಅಂಗಕ್ಕೆ ಮುಟ್ಟುತ್ತದೆಂಬ ನಂಬಿಕೆಯ ಬೀಜ ಇಲ್ಲಿದೆ. ಆದರೆ ಚರಕನು ಈ ವಿಷಯವನ್ನು ಎಲ್ಲಿಟ್ಟಿದ್ದಾನೆ ನೋಡಿ: ಹಲ್ಲುಕಡ್ಡಿ, ತಲೆಗೆ ಎಣ್ಣೆ, ಸ್ನಾನ, ಕೊಡೆ, ಕೆರ ಇವುಗಳ ಜೊತೆಯಲ್ಲಿ. ಅಂದರೆ ಇದು ದಿನಚರ್ಯೆ, ಆರೋಗ್ಯವಂತನು ಪ್ರತಿದಿನ ಮಾಡತಕ್ಕದ್ದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು ನಮ್ಮ ನಾಡಿನವನೇ ಆದ ಒಬ್ಬ ದೊರೆ. ಕಲ್ಯಾಣದಿಂದ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಿಂದ, ರಾಜ್ಯವಾಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನನ್ನು ನೀವು ಬಲ್ಲಿರಿ. ಆರನೆಯ ವಿಕ್ರಮಾದಿತ್ಯನ ಮಗ. 1126ರಿಂದ 1138ರವರೆಗೆ ಆಳಿದವನು. ಭೂಲೋಕಮಲ್ಲ, ಸರ್ವಜ್ಞ ಎಂಬ ಬಿರುದುಗಳುಳ್ಳವನು. ತಂದೆಯಷ್ಟು ಯುದ್ಧಗಳನ್ನು ಇವನು ಮಾಡಲಿಲ್ಲ. ಆ ಬಿಡುವಿನಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಸಂಸ್ಕೃತ ಗ್ರಂಥವನ್ನು 1129ರ ಸುಮಾರಿಗೆ ರಚಿಸಿದನು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯವನ್ನು ಗಳಿಸುವುದು, ಉಳಿಸುವುದು ಎಂಬವು ಮೊದಲೆರಡು ವಿಂಶತಿಗಳಲ್ಲಿ ಮುಗಿದು ಮೂರನೆಯದಕ್ಕೆ ಬಂದರೆ ಅದು 'ಉಪಭೋಗ'. ಗಳಿಸಿ ಉಳಿಸಿದ್ದನ್ನು ಅನುಭವಿಸುವುದು ಹೇಗೆ ಎಂಬುದಕ್ಕೆ ಇಪ್ಪತ್ತು ಅಧ್ಯಾಯಗಳು! ಮನೆ, ಸ್ನಾನ, ಪಾದುಕೆ, ತಾಂಬೂಲ, ಗಂಧಲೇಪನ, ವಸ್ತ್ರ, ಹೂಮಾಲೆ, ಒಡವೆ ಹೀಗೆ ಸಾಗಿ, ಊಟದ ಅಧ್ಯಾಯಕ್ಕೆ ಬರುತ್ತದೆ. ನಮ್ಮ ಇಡ್ಲಿ ದೋಸೆಗಳ ಪೂರ್ವಿಕರಾದ ಇಡ್ಡರಿಕಾ, ಧೋಸಕ ಎಂಬ ತಿಂಡಿಗಳು ಕಾಣಿಸಿಕೊಳ್ಳುವುದು ಅಲ್ಲಿಯೇ. ಊಟವಾಯಿತು, ಪಾನೀಯವಾಯಿತು, ಅದರ ಬೆನ್ನಿಗೇ ಬರುವುದು ಪಾದಾಭ್ಯಂಗ.

ಇದನ್ನು ಮೊದಲ ಸಲ ನೋಡಿದಾಗ ನನಗಾದ ಆನಂದ ಅಷ್ಟಿಷ್ಟಲ್ಲ. ವೈದ್ಯದ ವಿಷಯವೂ ಆ ಗ್ರಂಥದಲ್ಲಿ ಉಂಟು. ಸೋಮೇಶ್ವರನು ಕಾಲು ತಿಕ್ಕಿಸಿಕೊಳ್ಳುವುದನ್ನು ಅಲ್ಲಿಗೆ ಸೇರಿಸಬಹುದಾಗಿತ್ತು. ಸೇರಿಸಲಿಲ್ಲ. ಒಳ್ಳೆಯ ಊಟಕ್ಕೂ ಒಳ್ಳೆಯ ಹಾಸಿಗೆಗೂ ನಡುವೆ ಅದಕ್ಕೆ ಎಡೆ ಕೊಟ್ಟನು. ಹೂವು ಮುಡಿಯುವುದಕ್ಕೆ ಹೇಗೆ ನೆಪ ಬೇಡವೋ ಹಾಗೆ ಇದಕ್ಕೂ ನೆಪ ಬೇಡವೆಂದು ಆ ಚಕ್ರವರ್ತಿ ತಿಳಿದಿದ್ದನು. ಈ ಪ್ರಾಮಾಣಿಕತೆ ಮುಂದಿನ ಎಂಟು ಶತಮಾನಗಳಲ್ಲಿ ಬಹಳ ಜನಕ್ಕೆ ಸಾಧ್ಯವಾಗಲಿಲ್ಲ. ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯವರು 1925ರಿಂದ ಇದನ್ನು ಬರೋಡದಲ್ಲಿ ಅಚ್ಚು ಹಾಕಿಸಿದರು. ಆಸಕ್ತರು ದೊಡ್ಡ ಪುಸ್ತಕಭಂಡಾರಗಳಲ್ಲಿ ಹುಡುಕಿ ನೋಡಬಹುದು.

ದೊರೆಗೇನೋ ಉಪಭೋಗ, ಸರಿ. ಒತ್ತುವ ಕೈಗಳು ಯಾರವು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನಿಗೆ ಸ್ನಾನ ಮಾಡಿಸುವ, ಮೈಯೊತ್ತುವ, ಹಾಸಿಗೆ ಹಾಸುವ ಕೆಲಸಗಳನ್ನು ದಾಸಿಯರು ಮಾಡತಕ್ಕದ್ದೆಂದು ವಿಧಿಸಿದೆ. ದೇವಗಢದ ಗುಪ್ತರ ಕಾಲದ ದೇವಾಲಯದ ಗೋಡೆಯಲ್ಲಿ ಶೇಷಶಾಯಿಯಾದ ವಿಷ್ಣುವಿನ ಕಾಲನ್ನು ಲಕ್ಷ್ಮಿ ಒತ್ತುತ್ತಿರುವ ಶಿಲ್ಪ ಪ್ರಸಿದ್ಧವಾದದ್ದು. ದಾಸಿ ಒಡೆಯನಿಗೆ, ಹೆಂಡತಿ ಗಂಡನಿಗೆ, ಶಿಷ್ಯ ಗುರುವಿಗೆ, ಸೊಸೆ ಅತ್ತೆಗೆ; ನಮ್ಮ ಸಮಾಜದಲ್ಲಿ ಕೈ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗಿದೆ. ದಿನವೆಲ್ಲ ಒಲೆಯ ಮುಂದೆ ನಿಂತ ಸೊಸೆಯ ಕಾಲು ನೋಯುತ್ತದೆಯೇ ಎಂದು ವಿಚಾರಿಸಿದ ಮನೆಗಳು ಎಷ್ಟು? ನಮ್ಮ ಮನೆಯಲ್ಲಂತೂ, ನಾಚಿಕೆಯಿಂದ ಹೇಳಬೇಕು, ಅಜ್ಜಿಯ ಕಾಲನ್ನು ಒತ್ತಿದ ನಾನು ತಾಯಿಯ ಕಾಲನ್ನು ಒತ್ತಿದ್ದು ಅವರು ಹಾಸಿಗೆ ಹಿಡಿದ ಮೇಲೆಯೇ.

ಇದಕ್ಕೆ ಕವಿಗಳು ಎರಡು ಅಪವಾದಗಳನ್ನು ಕೊಟ್ಟಿದ್ದಾರೆ. ಶಾಕುಂತಲದ ಮೂರನೆಯ ಅಂಕದಲ್ಲಿ ದುಷ್ಯಂತನು ಬಳಲಿದ ಶಕುಂತಲೆಯ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತಲೇ ಎಂದು ಕೇಳುತ್ತಾನೆ. ಪ್ರೇಮದ ಮೊದಲ ದಿನಗಳ ಮಾತು ಅದು ಎಂದು ನೀವು ನಗಬಹುದು. ಆದರೂ ಹಸ್ತಿನಾವತಿಯ ಅರಸನ ಬಾಯಿಂದ ಬಂದದ್ದು. ಇನ್ನೊಂದು ನನಗೆ ಬಹು ಪ್ರಿಯವಾದದ್ದು, ಶೂದ್ರಕನ ಮೃಚ್ಛಕಟಿಕದ ಸಂವಾಹಕ. ಪಾಟಲೀಪುತ್ರದ ಒಬ್ಬ ಗೃಹಸ್ಥನ ಮಗ. ಉಜ್ಜಯಿನಿಗೆ ಬಂದು ಚಾರುದತ್ತನ ಬಳಿ ಮೈಯೊತ್ತುವ ಕೆಲಸಕ್ಕೆ ನಿಂತವನು. ಒಡೆಯನು ಬಡವನಾದಾಗ ಜೂಜಿಗೆ ಬಿದ್ದು, ಸಾಲಗಾರರಿಂದ ತಪ್ಪಿಸಿಕೊಂಡು ವಸಂತಸೇನೆಯ ಮನೆಗೆ ನುಗ್ಗುತ್ತಾನೆ. ಸುಕುಮಾರವಾದ ಕಲೆಯನ್ನು ಕಲಿತಿದ್ದೀರಿ ಎಂದು ಆಕೆ ಮೆಚ್ಚಿಕೊಂಡಾಗ, ಕಲೆಯೆಂದೇ ಕಲಿತೆ, ಈಗ ಅದು ಹೊಟ್ಟೆಪಾಡಾಗಿದೆ ಎಂಬರ್ಥದ ಉತ್ತರ ಕೊಡುತ್ತಾನೆ. ಸಂತೋಷಕ್ಕಾಗಿ ಕಲಿತದ್ದನ್ನು ಮಾರಬೇಕಾಗಿ ಬಂದವನ ನಿಟ್ಟುಸಿರು ಅದರಲ್ಲಿದೆ. ಮುಂದೆ ಅವನು ಬೌದ್ಧಭಿಕ್ಷುವಾಗುತ್ತಾನೆ. ಕೊರಳು ಹಿಸುಕಿಸಿಕೊಂಡು ಬಿದ್ದಿದ್ದ ವಸಂತಸೇನೆಯನ್ನು ಬದುಕಿಸುವವನೂ ಅವನೇ. ಸಂಸ್ಕೃತ ನಾಟಕಗಳಲ್ಲಿ ಅರಸರೂ ವಿದೂಷಕರೂ ಎಷ್ಟೋ ಮಂದಿ. ಅಂಗಮರ್ದಕನಿಗೆ ಇಂತಹ ಗೌರವದ ಪಾತ್ರ ಸಿಕ್ಕಿದ್ದು ನನಗೆ ಕಂಡಂತೆ ಇಲ್ಲಿ ಮಾತ್ರ.

ಹೊಟ್ಟೆಪಾಡಿಗಾಗಿ ಈ ಕಲೆಯನ್ನು ಕಡಲಾಚೆಗೆ ಒಯ್ದವನೂ ಪಾಟಲೀಪುತ್ರದವನೇ, ಎಂದರೆ ಪಾಟ್ನಾದವನೇ, ಎಂಬುದು ಒಂದು ವಿನೋದ. ಶೇಖ್ ದೀನ್ ಮಹಮ್ಮದ್ ಅಲ್ಲಿ 1759ರಲ್ಲಿ ಹುಟ್ಟಿದನು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೊಡನೆ ಅಲೆದು, 1784ರಲ್ಲಿ ಐರ್ಲೆಂಡಿಗೆ ಹೋಗಿ ನೆಲೆಸಿದನು. 1794ರಲ್ಲಿ ತನ್ನ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದನು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಅಚ್ಚಾದ ಮೊದಲ ಪುಸ್ತಕ ಅದು. ಲಂಡನ್ನಿನಲ್ಲಿ 1810ರಲ್ಲಿ ಒಂದು ಹಿಂದುಸ್ತಾನಿ ಹೋಟಲು ತೆರೆದು ದಿವಾಳಿಯಾದನು. ಕೊನೆಗೆ ಬ್ರೈಟನ್ ಎಂಬ ಕಡಲತೀರದ ಊರಿನಲ್ಲಿ ಅವನ ಕೈ ಹಿಡಿದದ್ದು ಹಿಂದಿಯ 'ಚಾಂಪೋ', ಎಂದರೆ ಒತ್ತು ಎಂಬ ಮಾತು. ಬಿಸಿ ಆವಿಯಲ್ಲಿ ಕುಳ್ಳಿರಿಸಿ, ಉಣ್ಣೆಬಟ್ಟೆಯ ಡೇರೆಯ ಸಂದಿನಿಂದ ಕೈ ತೂರಿಸಿ, ಶ್ರೀಮಂತರ ಮೈ ಕಾಲು ಒತ್ತಿದನು. ಶಾಂಪೂ ಎಂಬ ಪದ ಇಂಗ್ಲಿಷಿನಲ್ಲಿ ಮೊದಲು ಸೂಚಿಸಿದ್ದು ಇದನ್ನೇ. ತಲೆಕೂದಲಿಗೂ ಸೀಸೆಗೂ ಅದು ಅಂಟಿಕೊಂಡದ್ದು ಆಮೇಲೆ.

ಬ್ರೈಟನ್ನಿನವರು ಕೈಯೊತ್ತಿನ ಸುಖಕ್ಕಾಗಿ ಬಂದರು. ಆದರೆ ಬರಿಯ ಸುಖಕ್ಕೆ ಹಣ ತೆತ್ತೆವೆಂದು ಹೇಳಿಕೊಳ್ಳುವುದು ಅವರಿಗೆ ಸಂಕೋಚ. ದೀನ್ ಮಹಮ್ಮದನು ಅದನ್ನು ಅರಿತವನು. 1822ರಲ್ಲಿ ಇನ್ನೊಂದು ಪುಸ್ತಕ ಬರೆದು, ವಾತ, ಪಾರ್ಶ್ವವಾಯು, ಕೀಲುಬೇನೆ ಎಲ್ಲಕ್ಕೂ ಇದು ಚಿಕಿತ್ಸೆಯೆಂದು ಸಾರಿದನು. ಗುಣವಾದವರು ಬಿಟ್ಟುಹೋದವೆಂದು ಊರುಗೋಲುಗಳನ್ನು ಸ್ನಾನಗೃಹದಲ್ಲಿ ತೂಗುಹಾಕಿದ್ದನಂತೆ. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ಇಬ್ಬರು ರಾಜರಿಗೂ ಅವನು 'ಶಾಂಪೂ ಶಸ್ತ್ರವೈದ್ಯ'ನಾದನು! ಶಸ್ತ್ರವನ್ನೇ ಹಿಡಿಯದ ಕೈಗೆ ಶಸ್ತ್ರವೈದ್ಯನ ಪದವಿ. ಕಲ್ಯಾಣದ ದೊರೆ ಉಪಭೋಗವೆಂದು ಕರೆದದ್ದಕ್ಕೆ ವೈದ್ಯನ ಅಂಗಿ ತೊಡಿಸಿದ್ದು ಹೀಗೆ.

ಆ ಅಂಗಿಯನ್ನು ಅಳತೆ ತೆಗೆದು ಹೊಲಿದವರು ಅಮೆರಿಕದವರು. ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ ವಿಲಿಯಂ ಫಿಟ್ಸ್‌ಜೆರಾಲ್ಡ್ ಎಂಬ ಕಿವಿ, ಮೂಗು, ಗಂಟಲಿನ ವೈದ್ಯರಿದ್ದರು. ಕೈ ಕಾಲಿನ ಕೆಲವು ಕಡೆ ಬಲವಾಗಿ ಅದುಮಿದರೆ ದೂರದ ಭಾಗದಲ್ಲಿ ನೋವು ಅಡಗುತ್ತದೆಂದು ಅವರಿಗೆ ತೋರಿತು. ತಲೆಯಿಂದ ಕಾಲ್ಬೆರಳಿನವರೆಗೆ ದೇಹವನ್ನು ಉದ್ದುದ್ದಕ್ಕೆ ಹತ್ತು ಪಟ್ಟೆಗಳಾಗಿ ಗೆರೆ ಎಳೆದರು. ಬಲಕ್ಕೆ ಐದು, ಎಡಕ್ಕೆ ಐದು, ಒಂದೊಂದು ಬೆರಳಿಗೆ ಒಂದೊಂದು. ಒಂದು ಪಟ್ಟೆಯ ಯಾವುದೇ ಕಡೆ ಒತ್ತಿದರೂ ಆ ಪಟ್ಟೆಯಲ್ಲಿರುವ ಎಲ್ಲ ಅಂಗಗಳಿಗೂ ಮುಟ್ಟುತ್ತದೆಂಬುದು ವಾದ. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪು, ರಬ್ಬರ್ ಬ್ಯಾಂಡು, ಲೋಹದ ಬಾಚಣಿಗೆ ಇವು ಸಲಕರಣೆಗಳು. ಎಡ್ವಿನ್ ಬವರ್ಸ್ ಎಂಬವರು 1915ರಲ್ಲಿ, ಹಲ್ಲುನೋವಿಗೆ ಕಾಲ್ಬೆರಳು ಹಿಸುಕಿರೆಂಬ ಧಾಟಿಯ ಒಂದು ಲೇಖನ ಬರೆದು ಇದನ್ನು ಮನೆಮನೆಗೆ ಮುಟ್ಟಿಸಿದರು. 1917ರಲ್ಲಿ ಇಬ್ಬರೂ ಸೇರಿ 'ವಲಯ ಚಿಕಿತ್ಸೆ'ಯ ಪುಸ್ತಕ ತಂದರು.

ಆದರೆ ಇಂದು ರಿಫ್ಲೆಕ್ಸಾಲಜಿ ಎಂದು ಕರೆಯುವ ಪದ್ಧತಿಯ ನಿಜವಾದ ತಾಯಿ ಯೂನಿಸ್ ಇಂಗಮ್. ಹುಟ್ಟಿದ್ದು 1889, ತೀರಿಕೊಂಡದ್ದು 1974. ಫಿಟ್ಸ್‌ಜೆರಾಲ್ಡರ ಪದ್ಧತಿಯನ್ನು ಅನುಸರಿಸುತ್ತಿದ್ದ ಜೋ ಶೆಲ್ಬಿ ರೈಲಿ ಎಂಬವರಲ್ಲಿ ಆಕೆ ಫ್ಲಾರಿಡಾದಲ್ಲಿ 1930ರ ದಶಕದ ಮೊದಲಿಗೆ ಕೆಲಸಮಾಡುತ್ತಿದ್ದರು. ಕೈಗೆ ಬಂದ ಪ್ರತಿಯೊಂದು ಕಾಲನ್ನೂ ಅಂಗುಲ ಅಂಗುಲವಾಗಿ ಹೆಬ್ಬೆರಳಿನಿಂದ ತಡವಿ ನೋಡಿ ಆಕೆ ಒಂದು ನಕ್ಷೆ ಬರೆದರು. ಕಾಲಿನ ಹೆಬ್ಬೆರಳು ತಲೆ, ಬೆರಳುಗಳ ಬುಡ ಕಣ್ಣು, ಕಿವಿ, ಅದರ ಕೆಳಗಿನ ದಿಂಡು ಎದೆ, ನಡುವಿನ ಕಮಾನು ಹೊಟ್ಟೆ, ಒಳಅಂಚು ಬೆನ್ನೆಲುಬು. ಪಿತ್ತಜನಕಾಂಗ ಬಲಗಾಲಿನಲ್ಲಿ, ಹೃದಯ ಎಡಗಾಲಿನಲ್ಲಿ. ಅಂಗದಲ್ಲಿ ತೊಂದರೆಯಿದ್ದರೆ ಆ ಜಾಗದಲ್ಲಿ ಮರಳಿನ ಕಾಳಿನಂತಹ ಹರಳುಗಳು ಕೈಗೆ ಸಿಗುತ್ತವೆ. ಅವನ್ನು ಅರೆದು ಕರಗಿಸಬೇಕು. 1938ರಲ್ಲಿ ಪುಸ್ತಕ ಬಂತು. ಅನಂತರ ಆಕೆ ವರ್ಷಾನುಗಟ್ಟಲೆ ಊರೂರು ತಿರುಗಿ, ಗೃಹಿಣಿಯರಿಗೂ ದಾದಿಯರಿಗೂ ಇದನ್ನು ಕಲಿಸಿದರು. ಆ ಹರಳುಗಳಿಗೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಆದರೂ ಆ ಹೆಂಗಸಿನ ಶ್ರದ್ಧೆಗೆ ನಾನು ಕೈ ಮುಗಿಯುತ್ತೇನೆ. ಕಾಲನ್ನು ಅಷ್ಟು ತಾಳ್ಮೆಯಿಂದ ಕೈಯಲ್ಲಿ ಹಿಡಿದು ಕುಳಿತವರು ಲೋಕದಲ್ಲಿ ಕಡಿಮೆ.

ಹೊಸ ಶಾಸ್ತ್ರಕ್ಕೆ ಹಳೆಯ ವಂಶಾವಳಿ ಹುಡುಕುವುದು ಎಲ್ಲ ಕಡೆಯೂ ಇರುವ ಚಾಳಿ. ಈಜಿಪ್ಟಿನ ಸಕ್ಕಾರದಲ್ಲಿ ಅಂಖ್‌ಮಾಹೋರ್ ಎಂಬ ಮಂತ್ರಿಯ ಸಮಾಧಿಯುಂಟು, ಕ್ರಿ.ಪೂ. 2330ರ ಸುಮಾರಿನದು. ಅದರ ಗೋಡೆಯಲ್ಲಿ ಕುಳಿತವರ ಕೈಕಾಲುಗಳನ್ನು ಬೇರೆಯವರು ಹಿಡಿದು ಏನೋ ಮಾಡುತ್ತಿರುವ ಚಿತ್ರವಿದೆ. ರಿಫ್ಲೆಕ್ಸಾಲಜಿಯ ಪುಸ್ತಕಗಳೆಲ್ಲ ತಮ್ಮ ವಿದ್ಯೆಗೆ ನಾಲ್ಕು ಸಾವಿರ ವರ್ಷದ ಸಾಕ್ಷಿ ಇದೆಂದು ಅದನ್ನು ಅಚ್ಚು ಹಾಕುತ್ತವೆ. ಉಗುರು ತೆಗೆದು ಕೈಕಾಲು ಓರಣ ಮಾಡುವ ಸೇವೆಯ ಚಿತ್ರವೆಂದು ಈಜಿಪ್ಟಿನ ವಿದ್ವಾಂಸರು ಅದನ್ನು ಅರ್ಥಮಾಡುತ್ತಾರೆ. ನಮ್ಮ ವಿಷ್ಣುಪಾದದ ಪಟಗಳಿಗೂ ಇದೇ ಗತಿ ಬಂದಿದೆ. ಅಂಗಾಲಿನಲ್ಲಿ ಶಂಖ, ಚಕ್ರ, ಮೀನು, ಅಂಕುಶ ಬರೆದಿರುವುದನ್ನು ಕಂಡ ಪಶ್ಚಿಮದವರು, ಇವು ಅಂಗಗಳ ಗುರುತುಗಳೆಂದು ಬರೆದುಬಿಟ್ಟರು! ಅವು ಮಂಗಳಚಿಹ್ನೆಗಳೆಂದು ನಮ್ಮ ಮನೆಯ ಮಗುವೂ ಹೇಳೀತು. ಕ್ರಮೇಣ ಇದು ಯೂರೋಪಿಗೂ ಅಲ್ಲಿಂದ ಪೂರ್ವದೇಶಗಳಿಗೂ ಹರಡಿತು. ತೈವಾನಿನಲ್ಲಿ ಇದನ್ನು ಮನೆಮಾತು ಮಾಡಿದವರು, ತಮ್ಮ ಮೊಣಕಾಲು ನೋವಿಗೆ ಇದನ್ನು ಪ್ರಯೋಗಿಸಿ ನೋಡಿದ ಜೋಸೆಫ್ ಯೂಗ್ಸ್ಟರ್ ಎಂಬ ಸ್ವಿಸ್ ಪಾದ್ರಿ. ಇಂದು ಪೂರ್ವದ ಪ್ರಾಚೀನ ವಿದ್ಯೆಯೆಂದು ನಮ್ಮ ಪೇಟೆಗಳ ಅಂಗಡಿಯಲ್ಲಿ ತೂಗುಹಾಕಿರುವ ಪಾದದ ನಕ್ಷೆ ಹೀಗೆ ಹಾರ್ಟ್‌ಫರ್ಡಿನಿಂದ ಹೊರಟು ಭೂಮಿ ಸುತ್ತಿ ಬಂದದ್ದು.

ಅಂತಹ ಒಂದು ನಕ್ಷೆ ನನ್ನ ಕೈಗೂ ಬಂತು. ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಕೊಂಡು, ಕೋಣೆಯ ಗೋಡೆಗೆ ಅಂಟಿಸಿ, ಗಟ್ಟಿ ಮಾಡಿದೆ. ನಿಜ ಹೇಳಬೇಕಾದರೆ ಅದರಿಂದ ನನ್ನ ಬೆಲೆ ಏರಿತು. ಅದುವರೆಗೆ ಬರಿಯ ಕಾಲೊತ್ತುವವನು. ಈಗ ಹೆಬ್ಬೆರಳಿಟ್ಟು, 'ಇಲ್ಲಿ ನೋಯುತ್ತದೆಯೇ? ಜೀರ್ಣ ಸರಿಯಿಲ್ಲ' ಎನ್ನುವ ಪಂಡಿತ. ನೆಂಟರಿಷ್ಟರು ಬೆರಗಾಗುತ್ತಿದ್ದರು. ನಮ್ಮ ಭಾವ, ಅಕ್ಕನ ಯಜಮಾನರು, ಪಕ್ಕದ ಬೀದಿಯಲ್ಲಿದ್ದವರು, ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದರು. ಅವರಿಗೆ ಅಂಗಾಲುರಿ. ರಾತ್ರಿ ಪಾದಕ್ಕೆ ಹೊದಿಕೆ ತಾಕಿದರೂ ಆಗದು. ನಾನು ನಕ್ಷೆ ನೋಡಿ ಪಿತ್ತದ ಜಾಗವನ್ನು ಒತ್ತಿದೆ. ಕೆಲವು ತಿಂಗಳಲ್ಲಿ ಉರಿ ಕಡಿಮೆಯಾಯಿತು. ಇಬ್ಬರಿಗೂ ಸಂತೋಷ. ಆಮೇಲೆ ಒಂದು ದಿನ ಭಾವ, 'ಅಲ್ಲಯ್ಯಾ, ನೀನು ಒತ್ತುವುದೇ ಗೊತ್ತಾಗುವುದಿಲ್ಲವಲ್ಲ, ಇನ್ನೂ ಜೋರಾಗಿ ಒತ್ತು' ಎಂದರು. ಜೋಮು ಕೂಡಲೆ ಶಮನವಾಗುತ್ತದೆಂಬ ಚರಕನ ಮಾತು ನನಗೆ ಬಾಯಿಪಾಠ. ದಾರಿ ಕಟ್ಟಿಕೊಂಡಿದೆ, ತೆರೆಯಬೇಕು ಎಂದು ಮರದ ಕಡ್ಡಿ ತೆಗೆದುಕೊಂಡು ಒತ್ತಿದೆ. ವಾರದಿಂದ ವಾರಕ್ಕೆ ಬಲ ಹೆಚ್ಚಿಸಿದೆ.

ಮಳೆಗಾಲದಲ್ಲಿ ಅವರ ಚಪ್ಪಲಿಯ ಮೊಳೆಯೊಂದು ಮೇಲಕ್ಕೆದ್ದು ಕಿರುಬೆರಳಿನ ಬುಡಕ್ಕೆ ಚುಚ್ಚಿತು. ಎರಡು ದಿನ ಅದರ ಮೇಲೆಯೇ ನಡೆದಿದ್ದಾರೆ. ಅವರಿಗೆ ತಿಳಿಯಲೇ ಇಲ್ಲ. ವಾಸನೆ ಬಂದಾಗ ಅಕ್ಕ ನೋಡಿದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು: ಸಕ್ಕರೆ ಕಾಯಿಲೆ, ಬಹುಕಾಲದಿಂದ ಇದ್ದದ್ದು. ಮೊದಲು ಉರಿಯುವುದು, ಆಮೇಲೆ ಸ್ಪರ್ಶವೇ ಹೋಗುವುದು ಆ ಕಾಯಿಲೆಯಲ್ಲಿ ನರ ಕೆಡುವ ಕ್ರಮ. ಉರಿ ಕಡಿಮೆಯಾಯಿತೆಂದು ನಾವು ಸಂತೋಷಪಟ್ಟದ್ದು ನರ ಸಾಯುತ್ತಿದ್ದ ಗುರುತು. ಯುವಕರಾದ ಆ ವೈದ್ಯರು ಒಂದು ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿಗೆ ಅಲ್ಲಲ್ಲಿ ಮುಟ್ಟಿಸಿ, 'ಎಷ್ಟು ದಿನದಿಂದ ಸ್ಪರ್ಶವಿಲ್ಲ?' ಎಂದು ಕೇಳಿದರು. ಭಾವ ಅಕ್ಕನ ಮುಖ ನೋಡಿದರು. ಅಕ್ಕನಿಗೆ ಗೊತ್ತಿರಲಿಲ್ಲ. ಎಂಟು ತಿಂಗಳು ಎಂದು ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ಹೇಳಿದೆ. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆಯಬೇಕಾಯಿತು.

ಮನೆಗೆ ಬಂದು ನಕ್ಷೆಯನ್ನು ಗೋಡೆಯಿಂದ ಕಿತ್ತೆ. ಆಮೇಲೆ, ಈ ನಕ್ಷೆಯನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ ಎಂದು ಹುಡುಕತೊಡಗಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ನೋಡಿದ್ದಾರೆ. 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಗೊತ್ತುಪಡಿಸಿದ ಆರು ಕಾಯಿಲೆಗಳಲ್ಲಿ ಒಂದನ್ನೋ ಹೆಚ್ಚನ್ನೋ ಉಳ್ಳ 18 ಮಂದಿಯ ಪಾದಗಳನ್ನು ಇಬ್ಬರು ಅನುಭವಿ ರಿಫ್ಲೆಕ್ಸಾಲಜಿ ತಜ್ಞರಿಗೆ ತೋರಿಸಿದರು. ಕಾಲಿನ ಒಡೆಯರಾರೆಂದು ತಜ್ಞರಿಗೆ ತಿಳಿಯಗೊಡಲಿಲ್ಲ. ಕಾಲು ಮುಟ್ಟಿ ಕಾಯಿಲೆ ಹೇಳುವುದು ನಂಬತಕ್ಕ ವಿಧಾನವಲ್ಲವೆಂದು ಫಲಿತಾಂಶ ಬಂತು. ಎಡ್ಜರ್ಡ್ ಅರ್ನ್ಸ್ಟ್ ಎಂಬ ಪ್ರಾಧ್ಯಾಪಕರು 2009ರಲ್ಲಿ, ಅದುವರೆಗೆ ನಡೆದ 18 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿ, ಯಾವ ಕಾಯಿಲೆಗೂ ಇದು ಪರಿಣಾಮಕಾರಿಯೆಂದು ಮನವರಿಕೆಯಾಗುವ ಸಾಕ್ಷ್ಯವಿಲ್ಲವೆಂದು ಬರೆದರು. ಆಸ್ಟ್ರೇಲಿಯಾ ಸರ್ಕಾರ 1 ಏಪ್ರಿಲ್ 2019ರಿಂದ ಆರೋಗ್ಯವಿಮೆಯ ಸಹಾಯಧನದ ಪಟ್ಟಿಯಿಂದ ತೆಗೆದುಹಾಕಿದ ಪದ್ಧತಿಗಳಲ್ಲಿ ರಿಫ್ಲೆಕ್ಸಾಲಜಿಯೂ ಒಂದು.

ಇಷ್ಟಾದ ಮೇಲೆ ನಾನು ಈ ಹವ್ಯಾಸವನ್ನೇ ಬಿಟ್ಟಿರಬೇಕೆಂದು ನೀವು ಊಹಿಸಿದರೆ ಆಶ್ಚರ್ಯವಿಲ್ಲ. ಒಂದು ವರ್ಷ ಬಿಟ್ಟೆ. ಆ ವರ್ಷದ ಕೊನೆಗೆ ಇನ್ನೊಂದು ಪ್ರಯೋಗದ ವರದಿ ನನಗೆ ಸಿಕ್ಕಿತು. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಸ್ತನದ ಅರ್ಬುದಕ್ಕೆ ಚಿಕಿತ್ಸೆ ಪಡೆಯುತ್ತಿದ್ದ 256 ಮಂದಿ ಹೆಂಗಸರು. ಜೊತೆಗೆ ಅವರ ಮನೆಯವರೋ ಸ್ನೇಹಿತರೋ ಒಬ್ಬೊಬ್ಬರು. ಅರ್ಧದಷ್ಟು ಮನೆಗಳಲ್ಲಿ ಈ ಜೊತೆಗಾರರಿಗೆ ಕಾಲೊತ್ತುವ ಕ್ರಮವನ್ನು ಕಲಿಸಿ, ನಾಲ್ಕು ವಾರ, ವಾರಕ್ಕೆ ಒಂದು ಸಲವಾದರೂ ಒತ್ತಲು ಹೇಳಿದರು. ಅವರ ಕೈಯಲ್ಲಿ ಕಾಲಿಟ್ಟ ಹೆಂಗಸರ ಬಾಧೆಗಳ ತೀವ್ರತೆ, ಕಾಲೊತ್ತಿಸಿಕೊಳ್ಳದವರಿಗಿಂತ ಕಡಿಮೆಯಾಗಿತ್ತು. ಅರ್ಬುದ ಅದರಿಂದ ಕರಗಲಿಲ್ಲ, ಹಾಗೆಂದು ಯಾರೂ ಹೇಳಲೂ ಇಲ್ಲ. ನಕ್ಷೆಯ ಗೆರೆಗಳು ನಿಜವೆಂಬುದಕ್ಕೂ ಇದು ಪ್ರಮಾಣವಲ್ಲ. ಒತ್ತಿದವರಲ್ಲಿ ಪಂಡಿತರಿರಲಿಲ್ಲ, ಗಂಡ, ಮಗಳು, ಅಕ್ಕಪಕ್ಕದವರು. ಓದಿದಾಗ ನನ್ನ ತಾಯಿಯ ಕೊನೆಯ ದಿನಗಳು ನೆನಪಾದುವು.

ಈಗ ಮತ್ತೆ ಒತ್ತುತ್ತೇನೆ. ಆದರೆ ಹೊಸಬರು ಬಂದು ಚಪ್ಪಲಿ ಬಿಟ್ಟರೆ ಮೊದಲು ದೀಪದ ಬೆಳಕಿನಲ್ಲಿ ಅಂಗಾಲನ್ನೂ ಬೆರಳಸಂದುಗಳನ್ನೂ ನೋಡುತ್ತೇನೆ. ಹತ್ತಿಯ ಎಳೆಯಿಂದ ಮೆಲ್ಲನೆ ತಾಕಿಸಿ, ಕಣ್ಣು ಮುಚ್ಚಿಕೊಂಡು ಎಲ್ಲಿ ಮುಟ್ಟಿದೆ ಹೇಳಿ ಎನ್ನುತ್ತೇನೆ. ಹೇಳಲಾರದವರನ್ನು ಅಲ್ಲಿಂದಲೇ ವೈದ್ಯರ ಬಳಿಗೆ ಕಳುಹಿಸುತ್ತೇನೆ. ಒಂದೇ ಕಾಲಿನ ಮೀನಖಂಡ ಊದಿ, ಮುಟ್ಟಿದರೆ ನೋಯುತ್ತಿದ್ದರೆ ಕೈ ಹಾಕುವುದೇ ಇಲ್ಲ. ರಕ್ತನಾಳದಲ್ಲಿ ಗಡ್ಡೆ ಕಟ್ಟಿರಬಹುದು, ಒತ್ತಿದರೆ ಅದು ಜಾರಿ ಶ್ವಾಸಕೋಶಕ್ಕೆ ಹೋಗುವ ಭಯವುಂಟು. ಹೀಗೆ ಕಳುಹಿಸಿದವರಲ್ಲಿ ಇಬ್ಬರಿಗೆ ಸಕ್ಕರೆ ಇತ್ತು. ಜೀರ್ಣದ ಮಾತು, ಪಿತ್ತದ ಮಾತು ಆಡುವುದಿಲ್ಲ. ಯಾರಾದರೂ, 'ಇದರಿಂದ ಏನು ಗುಣ?' ಎಂದು ಕೇಳಿದರೆ ಮಾನಸೋಲ್ಲಾಸದ ಆ ಪಟ್ಟಿಯನ್ನು ಹೇಳುತ್ತೇನೆ; ಊಟ, ಪಾನೀಯ, ಪಾದಾಭ್ಯಂಗ.

ಭಾವ ಈಗಲೂ ಭಾನುವಾರ ಬರುತ್ತಾರೆ. ಆ ದಿನ ಅವರು ಮೂರು ಬೆರಳಿನ ಆ ಪಾದವನ್ನು ತಾವಾಗಿಯೇ ನನ್ನ ತೊಡೆಯ ಮೇಲೆ ಇಟ್ಟಾಗ ನನಗೆ ಕೈ ನಡುಗಿತು. ಒತ್ತುವುದನ್ನು ನಾನು ಬಿಟ್ಟಿದ್ದೇನೆ. ಬೆರಳಸಂದು ಬಿಟ್ಟು ಉಳಿದ ಕಡೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ, ಅಂಗೈಯಿಂದ ನೀವುತ್ತೇನೆ, ಅಷ್ಟೆ. ಅವರಿಗೆ ಅದು ಪಾದದಲ್ಲಿ ತಿಳಿಯುವುದಿಲ್ಲ. ಹರಡಿನ ಮೇಲಕ್ಕೆ ಕೈ ಬಂದಾಗ, 'ಹಾಂ, ಈಗ ಗೊತ್ತಾಯಿತು' ಎನ್ನುತ್ತಾರೆ. ಮತ್ತೆ ರೇಡಿಯೋದ ಕಡೆಗೆ ಕಿವಿಗೊಡುತ್ತಾರೆ.